ಅವಳು ಪಾಪ, ಇವನು ಜೋರು

ನಮ್ಮ ಕಡೆ ಮಕ್ಕಳಲ್ಲಿ ಎರಡೇ ಬಗೆ. ಒಂದು ಪಾಪ, ಇನ್ನೊಂದು ಜೋರು. ಬೇರೆ ಊರಿನ ಕನ್ನಡದಲ್ಲಿ ಪಾಪ ಎಂದರೆ ಮಾಡಬಾರದ್ದು, ಇಲ್ಲವೇ ಅಯ್ಯೋ ಎನ್ನುವ ಕನಿಕರ. ಮಂಗಳೂರಿನಲ್ಲಿ ಅದು ಹೊಗಳಿಕೆಯೂ ಹೌದು. ಕೂರಿಸಿದಲ್ಲಿ ಕೂರುವ, ಬಡಿಸಿದ್ದನ್ನು ತಿನ್ನುವ, ನೆಂಟರ ಎದುರು ಹಟ ಹಿಡಿಯದ ಮಗು ಪಾಪ. ಉಳಿದವೆಲ್ಲ ಜೋರು. ಮನೆಗೆ ಬಂದವರು ಚಹಾ ಕುಡಿಯುತ್ತಾ ಕೇಳುತ್ತಾರೆ, "ಹೇಗೆ ಮಕ್ಕಳು? ಜೋರುಂಟಾ?" ನನ್ನ ಉತ್ತರ ಐದು ವರ್ಷಗಳಿಂದ ಒಂದೇ ಆಗಿತ್ತು. "ದೊಡ್ಡವಳು ಪಾಪ. ಸಣ್ಣವ ಮಾತ್ರ ಜೋರು ಮಾರಾಯ್ರೆ."

ಮಗಳಿಗೆ ಈಗ ಎಂಟು ವರ್ಷ, ಮಗನಿಗೆ ಐದು. ನಾನು ಆ ಉತ್ತರ ಹೇಳುವಾಗ ಅವಳು ಹೆಚ್ಚಾಗಿ ಅಲ್ಲೇ ಇರುತ್ತಿದ್ದಳು. ಬಿಸ್ಕತ್ತಿನ ತಟ್ಟೆ ತಂದಿಡುವವಳು ಅವಳೇ.

ಕಳೆದ ಮೇ ತಿಂಗಳ ಕೊನೆಯಲ್ಲಿ ಇಬ್ಬರನ್ನೂ ಕರೆದುಕೊಂಡು ಶಾಲೆಯ ಶೂ ಕೊಳ್ಳಲು ಕಂಕನಾಡಿಗೆ ಹೋದೆ. ಮಗ ಅಂಗಡಿಗೆ ಕಾಲಿಟ್ಟ ಕೂಡಲೇ ಲೈಟು ಹತ್ತುವ ಶೂ ಬೇಕೆಂದು ನೆಲದಲ್ಲಿ ಕುಳಿತ. ಶಾಲೆಗೆ ಕಪ್ಪೇ ಆಗಬೇಕು ಎಂದು ನಾನು ಅವನಿಗೆ ವಿವರಿಸುತ್ತಿದ್ದಾಗ, ಅಂಗಡಿಯ ಹೆಂಗಸು ಮಗಳ ಎದುರು ಸ್ಟೂಲು ಹಾಕಿ ಕುಳಿತು ಅವಳ ಪಾದವನ್ನು ಅಳತೆಯ ಹಲಗೆಯ ಮೇಲೆ ಇಟ್ಟರು. ಇಟ್ಟವರು ಅದನ್ನೇ ನೋಡುತ್ತಾ ಉಳಿದರು.

"ಸರ್, ಹಳೇ ಶೂ ಯಾವ ಸೈಜ್?"

ನಾನು ಹೇಳಿದೆ. ಕಳೆದ ವರ್ಷ ಅದೇ ಅಂಗಡಿಯಲ್ಲಿ ಕೊಂಡದ್ದು.

"ಎಂತ ಸರ್, ಇವಳಿಗೆ ಅದು ಎರಡು ಸೈಜ್ ಸಣ್ಣ ಆಯ್ತಲ್ಲ. ಉಗುರು ನೋಡಿ."

ಎರಡೂ ಕಾಲಿನ ಹೆಬ್ಬೆರಳ ಉಗುರು ತುದಿಯಲ್ಲಿ ಕಪ್ಪಾಗಿತ್ತು. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ನುಗ್ಗಿ ಅಲ್ಲೇ ಮನೆ ಮಾಡಿಕೊಂಡಂತೆ ಇತ್ತು. ಆ ಕಾಲುಗಳನ್ನು ನಾನು ದಿನಾ ನೋಡುತ್ತಿದ್ದೆ ಎಂದುಕೊಂಡಿದ್ದೆ.

"ನೋವಾಗ್ತಿರ್ಲಿಲ್ವಾ ಬೇಬಿ?" ಎಂದು ಆ ಹೆಂಗಸು ಕೇಳಿದರು.

ಮಗಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು, "ಬೆರಳು ಮಡಚಿದ್ರೆ ಆಗ್ತಿತ್ತು."

"ಹೇಳ್ಬಹುದಿತ್ತಲ್ಲ ಮಗಾ" ಎಂದೆ.

ನೆಲದಲ್ಲಿ ಕುಳಿತಿದ್ದ ಮಗ ಅವಳ ಪರವಾಗಿ ವಾದಿಸಿದ. "ಅಕ್ಕ ಪಾಪ ಅಲ್ವಾ? ಅಕ್ಕ ಪಾಪ, ಪಪ್ಪ ಜೋರು!" ಅವನಿಗೆ ಆ ಪ್ರಾಸ ಖುಷಿಯಾಗಿ ಅದನ್ನೇ ಹಾಡತೊಡಗಿದ. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆ ನಗು ಈಗ ನೆನಪಾದಾಗ ನಾಚಿಕೆಯಾಗುತ್ತದೆ. ಆದರೆ ಆಗ ನಾಚಿಕೆಯಾಗಿತ್ತೇ, ಅಥವಾ ಆಮೇಲೆ ಸೇರಿಸಿಕೊಂಡೆನೇ, ಖಚಿತವಾಗಿ ಹೇಳಲಾರೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬ್ಯಾಂಕಿನಿಂದ ಆಗಷ್ಟೇ ಬಂದು ಸೀರೆಯ ಪಿನ್ನು ತೆಗೆಯುತ್ತಿದ್ದಳು. ಪಿನ್ನು ಕೈಯಲ್ಲೇ ಉಳಿಯಿತು.

"ಸಾಕ್ಸ್ ಎಲ್ಲ ಬೆರಳಿನ ಹತ್ರ ತೂತಾಗ್ತಿತ್ತು" ಎಂದಳು. "ನಾವು ನಗಾಡಿದ್ದೇವೆ. ಇವಳ ಬೆರಳಿಗೆ ಹಲ್ಲು ಬಂದಿದೆ ಅಂತ ಹೇಳಿದ್ದು ಯಾರು? ನೀವಲ್ವಾ?"

"ನೀನು ಅಂತ ನನ್ನ ನೆನಪು."

"ಯಾರಾದ್ರೂ ಆಗ್ಲಿ. ಇಬ್ಬರೂ ನಗಾಡಿದ್ದೇವೆ."

ನಾನು ಓದಿದ್ದು ಇತಿಹಾಸ. ಘಟನೆ ನಡೆದ ಹೊತ್ತಿಗೇ ಬರೆದಿಟ್ಟದ್ದು ಬೇರೆ, ವರ್ಷಗಳ ಮೇಲೆ ನೆನೆದು ಹೇಳಿದ್ದು ಬೇರೆ ಎಂಬುದನ್ನು ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಕಲಿತವನು. ಮನೆಯ ವಿಷಯಕ್ಕೆ ಆ ಪಾಠವನ್ನು ಎಂದೂ ತಂದಿರಲಿಲ್ಲ. ಮರುದಿನ ಅಲಮಾರಿನ ಮೇಲಿನ ಖಾನೆಯಿಂದ ಒಂದು ಡೈರಿ ತೆಗೆದೆ. ಮಗಳು ಹುಟ್ಟಿದ ವರ್ಷ ಚಿನ್ನದಂಗಡಿಯವರು ಪುಕ್ಕಟೆ ಕೊಟ್ಟದ್ದು. ಅದರಲ್ಲಿ ಅವಳ ಬಗ್ಗೆ ಬರೆಯುತ್ತಿದ್ದೆ. ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ಜ್ವರ. ಮೊದಲ ಮಗುವಿನ ತಂದೆಯರಿಗೆ ಅಂಟುವ ಚಾಳಿ. ಮಗ ಹುಟ್ಟಿದ ಸ್ವಲ್ಪ ಸಮಯಕ್ಕೆ ಅದು ಬಿಟ್ಟುಹೋಯಿತು. ಅವನಿಗೆ ಎಷ್ಟು ತಿಂಗಳಿಗೆ ಹಲ್ಲು ಬಂತೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಅವಳು ಸಣ್ಣಂದಿನಿಂದಲೂ ಪಾಪವೇ ಇದ್ದಳು, ಅದು ಅವಳ ಹುಟ್ಟುಗುಣ ಎಂಬುದಕ್ಕೆ ಸಾಕ್ಷಿ ಹುಡುಕಲು ಡೈರಿ ತೆರೆದೆ. ಈ ಉದ್ದೇಶವನ್ನು ಒಪ್ಪಿಕೊಳ್ಳಬೇಕು. ಸಾಕ್ಷಿ ಸಿಕ್ಕಿದ್ದರೆ ಶೂವಿನ ವಿಷಯದಲ್ಲಿ ನನ್ನ ತಪ್ಪು ಸ್ವಲ್ಪ ಸಣ್ಣದಾಗುತ್ತಿತ್ತು.

ಅವಳ ಮೊದಲ ಮಾತು "ಕಕ್ಕೆ" ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕಕ್ಕೆ ಎಂದರೆ ತುಳುವಿನಲ್ಲಿ ಕಾಗೆ. ಬಾಲ್ಕನಿಯ ಸರಳು ಹಿಡಿದು ನಿಂತು ಕಾಗೆಯನ್ನು ಕರೆದಳು ಎಂಬ ಚಿತ್ರ ನನ್ನ ತಲೆಯಲ್ಲಿ ಅಚ್ಚೊತ್ತಿದೆ. ಡೈರಿಯಲ್ಲಿ ಕಾಗೆಯೇ ಇಲ್ಲ. ಆ ಬಾಲ್ಕನಿಗೆ ಸರಳು ಹಾಕಿಸಿದ್ದೇ ಮಗ ನಡೆಯತೊಡಗಿದ ಮೇಲೆ. ಅಂದರೆ ಕಾಗೆ ಅವನದು. ಅವಳ ಮೊದಲ ಮಾತಿನ ಜಾಗದಲ್ಲಿ ನನ್ನದೇ ಅಕ್ಷರ ಹೀಗಿತ್ತು: "ಇವತ್ತು 'ಬೊಚ್ಚಿ' ಎಂದಳು. ಗಂಜಿಯ ಬಟ್ಟಲನ್ನು ತಳ್ಳಿ ಮತ್ತೊಮ್ಮೆ ಎಂದಳು. ಬೊಡ್ಚಿ ಎಂದೇ ಅರ್ಥ, ಸಂಶಯವಿಲ್ಲ."

ಬೊಡ್ಚಿ ಎಂದರೆ ಬೇಡ.

ಮುಂದಿನ ಪುಟಗಳಲ್ಲಿ ಬೊಡ್ಚಿಯ ಮೆರವಣಿಗೆಯೇ ಇದೆ. ಟೊಪ್ಪಿ ಬೊಡ್ಚಿ. ಪೌಡರು ಬೊಡ್ಚಿ. ಪಕ್ಕದ ಮನೆಯ ಆಂಟಿ ಎತ್ತಿಕೊಳ್ಳುವುದು ಬೊಡ್ಚಿ. "ಅತ್ತೆ ಎಣ್ಣೆ ಹಚ್ಚಲು ಹೋದಾಗ ಕೈ ಕಚ್ಚಿದಳು. ಹಲ್ಲಿನ ಗುರುತು ಮೂಡಿದೆ. ಬಹಳ ಜೋರು." ಜೋರು ಎಂಬ ಮಾತನ್ನು ನಾನೇ, ಅವಳ ಬಗ್ಗೆ, ಒಂದು ಬಗೆಯ ಹೆಮ್ಮೆಯಿಂದ ಬರೆದಿದ್ದೆ. ಆ ಮಗು ನನಗೆ ನೆನಪೇ ಇಲ್ಲ. ಬೇರೆ ಯಾರದೋ ಮಗುವಿನ ಡೈರಿ ಓದಿದಂತಾಯಿತು.

ಪಾಪ ಎಂಬ ಪದ ಮೊದಲು ಕಾಣುವುದು ಅವಳಿಗೆ ಮೂರು ತುಂಬುವ ಸ್ವಲ್ಪ ಮುಂಚೆ, ತಮ್ಮ ಹುಟ್ಟಿದ ಎರಡನೇ ವಾರ. "ತೊಟ್ಟಿಲಿನ ಹತ್ತಿರ ಬಂದು ಮಾತಾಡದೆ ಕುಳಿತಿದ್ದಳು. ಪಾಪ." ಅಷ್ಟೇ. ಇದನ್ನು ಬರೆದಾಗ ನನಗೆ ಅವಳ ಮೇಲೆ ಕನಿಕರ ಬಂದಿತ್ತೇ? ಅಥವಾ ಗಲಾಟೆ ಮಾಡದೆ ಕುಳಿತಳಲ್ಲ ಎಂಬ ಸಮಾಧಾನವೇ? ಎರಡಕ್ಕೂ ನಮ್ಮಲ್ಲಿ ಇರುವುದು ಒಂದೇ ಪದ. ಅಕ್ಷರವನ್ನು ಎಷ್ಟು ದಿಟ್ಟಿಸಿದರೂ ಅದು ಯಾವುದೆಂದು ಹೇಳುವುದಿಲ್ಲ. ಕೆಲವು ಪುಟ ಕಳೆದ ಮೇಲೆ ಸಂಶಯಕ್ಕೆ ಜಾಗವಿಲ್ಲ: "ಈಗ ಪಾಪ ಆಗಿದ್ದಾಳೆ. ಕೊಟ್ಟದ್ದನ್ನು ತಿನ್ನುತ್ತಾಳೆ. ನಮಗೆ ದೊಡ್ಡ ಉಪಕಾರ." ಅದಾದ ಮೇಲೆ ಡೈರಿ ಖಾಲಿ. ಬರೆಯುವಂಥದ್ದು ಏನೂ ಮಾಡದ ಮಗುವಿನ ಬಗ್ಗೆ ಯಾರೂ ಬರೆಯುವುದಿಲ್ಲ.

ಆ ಶನಿವಾರ ಎಲ್ಲರೂ ಉಳ್ಳಾಲದ ಅತ್ತೆಯ ಮನೆಗೆ ಹೋದೆವು. ಹೆಂಡತಿಯ ತವರು ಅದು, ಮಗನ ಬಾಣಂತನ ಆದದ್ದು ಅಲ್ಲೇ. ಆ ತಿಂಗಳುಗಳನ್ನು ಹತ್ತಿರದಿಂದ ನೋಡಿದವರು ಅತ್ತೆ. ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಬಂಗುಡೆ ಮೀನು ಕತ್ತರಿಸುತ್ತಿದ್ದ ಅವರ ಬಳಿ ಹೋಗಿ ವಿಷಯ ತೆಗೆದೆ. ಮನೆಯಲ್ಲಿ ನಾವೆಲ್ಲ ಆಡುವುದು ತುಳು. ಇಲ್ಲಿ ಬರೆದಿರುವ ಮನೆಮಾತೆಲ್ಲ ನಾನು ಕನ್ನಡಕ್ಕೆ ತಂದದ್ದು. ತರುವಾಗ ಅತ್ತೆಯ ಮಾತಿನ ಖಾರ ಸ್ವಲ್ಪ ಇಳಿದಿರಬಹುದು.

"ಇವಳು ಸಣ್ಣದಿರುವಾಗ ಜೋರಿದ್ದಳಾ?" ಎಂದು ಕೇಳಿದೆ.

"ಇದ್ದಳಾ ಅಂತ ಕೇಳ್ತೀರಲ್ಲ ಮಾರಾಯ್ರೆ! ನನ್ನ ಕೈ ಕಚ್ಚಿದ್ದು ಮತ್ತೆ ಯಾರು, ಪೋಸ್ಟ್‌ಮ್ಯಾನಾ?"

"ಮತ್ತೆ ಹೇಗೆ ಪಾಪ ಆದಳು?"

ಅತ್ತೆ ಮೀನಿನ ತಲೆ ಬೇರೆ ಮಾಡಿ ಬದಿಗಿಟ್ಟರು. "ಹೇಗೆ ಅಂತ ನನ್ನತ್ರ ಕೇಳ್ಬೇಡಿ. ಆ ಜಗಲಿಯಲ್ಲಿ ನೀವೇ ಕೂತು ಅವಳಿಗೆ ಹೇಳ್ತಿದ್ರಿ. ತೊಟ್ಟಿಲಿನ ಬಾಬೆ ಜೋರು, ನೀನು ಪಾಪ ಅಲ್ವಾ, ಪಾಪದ ಮಕ್ಕಳು ಬೊಡ್ಚಿ ಹೇಳ್ಲಿಕ್ಕುಂಟಾ ಅಂತ. ಬೊಡ್ಚಿ ಹೇಳದಿದ್ರೆ ಚಾಕ್ಲೇಟು. ದಿನಾ."

"ನಾನಾ? ನೀವು ಹೇಳಿದ್ದು ಅಂತ ನಾನು…"

"ನಾನು ಬೈದದ್ದುಂಟು. ಒಂದೆರಡು ಪೆಟ್ಟು ಕೊಟ್ಟದ್ದೂ ಉಂಟು. ಅವಳು ತಿರುಗಿ ನನಗೇ ಕೊಡ್ತಿದ್ದಳು. ಈ ಉಪಾಯ ಎಲ್ಲ ಓದಿದವರದ್ದು." ಅವರು ನಕ್ಕು, ನಾನು ನಗದಿದ್ದದ್ದನ್ನು ಕಂಡು ದನಿ ತಗ್ಗಿಸಿದರು. "ಹೋಗ್ಲಿ ಬಿಡಿ. ಎರಡೂ ಜೋರಾದ್ರೆ ಹಿಡೀಲಿಕ್ಕೆ ಆಗ್ತದಾ, ಒಂದಾದ್ರೂ ಪಾಪ ಆಗ್ಬೇಕು ಅಂತ ನೀವೇ ಹೇಳಿದ್ದು. ಆಯ್ತಲ್ಲ."

ಅವರ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಹೇಳಿದರು. ನನಗೆ ಜಗಲಿ ನೆನಪಿದೆ, ಚಾಕ್ಲೇಟಿನ ಹಳದಿ ಕಾಗದ ನೆನಪಿದೆ, ನಾನು ಹೇಳಿದ ಮಾತು ನೆನಪಿಲ್ಲ. ಆದರೂ ಈ ಸಲ ಸಾಕ್ಷಿಯನ್ನು ನಂಬಿದೆ, ಯಾಕೆಂದರೆ ಉಪಾಯ ನನ್ನದೇ ಶೈಲಿಯಲ್ಲಿತ್ತು. ಅವಳು ಯಾವ ಸ್ವಭಾವದ ಮಗು ಎಂದು ನಾನು ಎಂಟು ವರ್ಷ ಗಮನಿಸಿದೆ ಎಂದುಕೊಂಡಿದ್ದೆ. ಐದು ವರ್ಷ ಗಮನಿಸಿದ್ದು ನನಗೆ ಅನುಕೂಲವಾಗುವಂತೆ ನಾನೇ ಮಾಡಿಟ್ಟದ್ದನ್ನು.

ಸಂಜೆ ಹೊರಡುವ ಹೊತ್ತಿಗೆ ಮಗ ಮಂಚದ ಕಾಲು ಹಿಡಿದುಕೊಂಡ. ಅಜ್ಜಿಯ ಮನೆಯಲ್ಲೇ ನಿಲ್ಲುವುದಂತೆ. ಹೆಂಡತಿ ಐದು ನಿಮಿಷ ಜಗಳವಾಡಿ ಸೋತು, ನಾಳೆ ತಾನೇ ಕರೆದುಕೊಂಡು ಬರುತ್ತೇನೆಂದು ಉಳಿದಳು. ಮಗಳಿಗೆ ಭಾನುವಾರ ಬೆಳಿಗ್ಗೆ ಭರತನಾಟ್ಯದ ಕ್ಲಾಸು. ನೀನೂ ಉಳಿಯುತ್ತೀಯಾ ಎಂದು ಯಾರೂ ಅವಳನ್ನು ಕೇಳಲಿಲ್ಲ. ಅವಳು ತನ್ನ ಚೀಲ ತಂದು ಸ್ಕೂಟರಿನ ಪಕ್ಕ ನಿಂತಿದ್ದಳು. ಇಷ್ಟೆಲ್ಲ ಕೇಳಿ ಬಂದ ಮೇಲೂ ನಾನು ಕೀ ತಿರುಗಿಸಿ ಹೊರಟೆ. ತಿಳಿದದ್ದು ಕೈಕಾಲಿಗೆ ಇಳಿಯಲು ಹೊತ್ತು ಬೇಕಾಗುತ್ತದೆಯೋ ಏನೋ.

ಅವಳನ್ನು ಕೇಳಲೇ ಇಲ್ಲ ಎಂಬುದು ನೇತ್ರಾವತಿ ಸೇತುವೆ ಬರುವ ತನಕ ನನಗೆ ಹೊಳೆಯಲಿಲ್ಲ. ಹೊಳೆದಾಗ ಸ್ಕೂಟರು ನಿಧಾನ ಮಾಡಿ ಎಡಬದಿಗೆ ತಂದೆ.

"ನಾಳೆ ಡ್ಯಾನ್ಸ್ ಕ್ಲಾಸಿಗೆ ಹೋಗ್ಲಿಕ್ಕೆ ನಿನಗೆ ಮನಸ್ಸುಂಟಾ?"

ಅವಳು ಪಕ್ಕಕ್ಕೆ ವಾಲಿದ್ದು ತೂಕದಲ್ಲಿ ಗೊತ್ತಾಯಿತು. ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಂಡಿತು. ಹಿಂದೆ ಕುಳಿತರೆ ನನ್ನ ಮುಖ ಕಾಣುವುದಿಲ್ಲ. ಅದನ್ನು ಕನ್ನಡಿಯಲ್ಲಿ ಹುಡುಕುತ್ತಿದ್ದಳು.

"ಪಪ್ಪನಿಗೆ ಎಂತ?" ಎಂದಳು.

"ನನಗೆ ಎರಡೂ ಆಗ್ತದೆ. ನಿನಗೆ ಎಂತ ಅಂತ ಹೇಳು."

ಲಾರಿಯೊಂದು ಹಾರ್ನ್ ಹಾಕಿ ದಾಟಿಹೋಯಿತು. ಸೇತುವೆ ಅರ್ಧ ಮುಗಿಯಿತು, ಪೂರ್ತಿ ಮುಗಿಯಿತು. ಅವಳು ಕನ್ನಡಿಯಿಂದ ಮರೆಯಾದಳು, ಮತ್ತೆ ಬಂದಳು. ಇಷ್ಟು ಸಣ್ಣ ಪ್ರಶ್ನೆಗೆ ಒಂದು ಮಗು ಇಷ್ಟು ಕಷ್ಟಪಡುವುದನ್ನು ನಾನು ಮೊದಲು ಗಮನಿಸಿರಲಿಲ್ಲ. ಪ್ರಶ್ನೆಯನ್ನೇ ಕೇಳಿರಲಿಲ್ಲ ಎನ್ನುವುದು ಹೆಚ್ಚು ಸರಿ.

"ನಾಳೆ ಒಂದು ದಿನ ಹೋಗುದಿಲ್ಲ" ಎಂದಳು ಕೊನೆಗೆ. ಗಾಳಿಯಲ್ಲಿ ಅರ್ಧವೇ ಕೇಳಿಸಿತು. ತಕ್ಷಣ ಸೇರಿಸಿದಳು, "ಮುಂದಿನ ವಾರ ಹೋಗ್ತೇನೆ. ಟೀಚರಿಗೆ ನಾನೇ ಸಾರಿ ಹೇಳ್ತೇನೆ. ಪಪ್ಪನಿಗೆ ಬೇಜಾರಾ?"

"ಇಲ್ಲ ಮಗಾ. ಬೇಜಾರಿಲ್ಲ. ಹೋಗುದು ಬೇಡ."

ಅವಳು ಮತ್ತೆ ಕನ್ನಡಿಗೆ ಬಂದಳು, ನಾನು ಹೇಳಿದ್ದು ಹೌದೋ ಎಂದು ನೋಡಲು. ನಾನು ನಗಲು ಪ್ರಯತ್ನಿಸಿದೆ. ಹೆಲ್ಮೆಟ್ಟಿನೊಳಗಿಂದ ಅದು ಅವಳಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಮನೆ ಮುಟ್ಟುವವರೆಗೂ ಅವಳು ನೋಡುವುದನ್ನು ನಿಲ್ಲಿಸಲಿಲ್ಲ.