ನಾಗಿಯ ಕತ್ತಿ ನಿಂತ ಜಾಗ

ಬೇಲೆಕೇರಿಯ ನಾಗಿಗೆ ಓದು ಬರುವುದಿಲ್ಲ. ಆದರೂ ಮೊಬೈಲಿನಲ್ಲಿ ಕಡಲ ಹಾವಿನ ಬಗ್ಗೆ ಹುಡುಕಿದರೆ ಬರುವ ಕನ್ನಡದ ಪುಟ ಇವತ್ತು ಓದುವ ಹಾಗಿದೆ ಎಂದರೆ ಅದು ಅವಳಿಂದ.

ಹಾರವಾಡದಲ್ಲಿ ಹುಟ್ಟಿ ಹತ್ತೊಂಬತ್ತಕ್ಕೆ ಬೇಲೆಕೇರಿಗೆ ಸೊಸೆಯಾಗಿ ಬಂದವಳು. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಹಟ್ಟಿಕೇರಿಯ ಮನೆಮನೆಗೆ, ಬಸ್ಸು ಹತ್ತಿ ಹಿಲ್ಲೂರಿನ ತನಕ ಮೀನು ಮಾರಿದಳು. ಈಗ ಮಂಡಿ ಹಿಡಿದುಕೊಂಡಿದೆ. ಬೋಟು ನಿಲ್ಲುವ ದಕ್ಕೆಯ ಪಕ್ಕದ ಚಪ್ಪರದಡಿ ಏಳೆಂಟು ಹೆಂಗಸರ ಜೊತೆ ಕೂತು, ಒಣಗಿಸುವ ಬಂಗಡೆಯನ್ನು ಕತ್ತಿಯಿಂದ ಸೀಳುತ್ತಾಳೆ. ಮಾತಾಡಲಿ, ಬೈಯಲಿ, ನಗಲಿ, ಅವಳ ಕೈ ನಿಲ್ಲುವುದಿಲ್ಲ. ಎದುರಿನವರು ಹೇಳಿದ್ದು ತಲೆಗೆ ಹೋಗದಿದ್ದರೆ ಮಾತ್ರ ನಿಲ್ಲುತ್ತದೆ.

ಇದನ್ನು ಮೊದಲು ಕಂಡುಕೊಂಡವಳು ಸೊಸೆ ನೀತಾ. ಮಗ ರೋಷನನ ಹೆಂಡತಿ, ಅಂಕೋಲೆಯಲ್ಲಿ ಬಿ.ಎ. ಮಾಡಿದವಳು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ವಿಶ್ವಕೋಶ ಅಂತರ್ಜಾಲದಲ್ಲಿದೆ. ಅದರಲ್ಲಿ ಗಂಟುಗಂಟಾಗಿ ಬರೆದ ಲೇಖನಗಳನ್ನು ಹುಡುಕಿ ಬಿಡಿಸಿ ಬರೆಯುವುದು ಅವಳ ಹವ್ಯಾಸ. ಬರೆದದ್ದನ್ನು ಚಪ್ಪರದಡಿ ಗಟ್ಟಿಯಾಗಿ ಓದುತ್ತಾಳೆ. ಕತ್ತಿಗಳು ನಿಂತ ಕಡೆ ಗುರುತು ಹಾಕಿ ಮತ್ತೆ ಬರೆಯುತ್ತಾಳೆ. ಉಪ್ಪಿನ ಲೇಖನ, ಸಕ್ಕರೆ ಕಾಯಿಲೆಯ ಲೇಖನ ಹೀಗೇ ಹಸನಾದವು.

ಒಂದು ದಿನ ನಾಗಿಯೇ ಕೇಳಿದಳು. "ಕಡಲ ಹಾವಿಂದು ಎಂತಾದ್ರೂ ಇದ್ರೆ ಓದೆ."

ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಕುಪ್ಪ ಬಲೆ ಬಿಡಿಸುತ್ತಿದ್ದಾಗ ಕಡಲ ಹಾವೊಂದು ಬೆರಳಿಗೆ ಬಾಯಿ ಹಾಕಿತ್ತು. ನೋವಿಲ್ಲ, ಬಾವಿಲ್ಲ. "ಸೊಳ್ಳೆ ಕಚ್ಚಿದಂಗೆ" ಎಂದು ನಕ್ಕು ಹಾವನ್ನು ನೀರಿಗೆಸೆದು, ಮನೆಗೆ ಬಂದು ಗಂಜಿ ಉಂಡು ಮಲಗಿದ. ಕಡಲ ಹಾವಿಗೆ ವಿಷವಿಲ್ಲ ಎಂಬುದು ಆ ಕೇರಿಯವರ ನಂಬಿಕೆ. ಸಂಜೆಯ ಹೊತ್ತಿಗೆ ಮೈಯೆಲ್ಲ ಮರಗಟ್ಟಿತು, ರೆಪ್ಪೆ ಎತ್ತಲಾಗಲಿಲ್ಲ. ದೆವ್ವದ ಗಾಳಿ ತಾಗಿದೆ ಎಂದು ಮೂರು ತಾಸು ಕಳೆದರು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಈಗ ರೋಷನ ಅದೇ ನೀರಿಗೆ ಬೋಟಿನಲ್ಲಿ ಹೋಗುತ್ತಾನೆ. ಅವನೂ ಅವನ ಜೊತೆಯವರೂ ಇಂದಿಗೂ ಹಾವನ್ನು ಬರಿಗೈಯಲ್ಲೇ ಎತ್ತಿ ಎಸೆಯುತ್ತಾರೆ. ತಾಯಿ ಹೇಳಿದರೆ ನಗುತ್ತಾರೆ. ಮೊಬೈಲಿನಲ್ಲಿ ಕಂಡದ್ದನ್ನಾದರೂ ನಂಬಿಯಾರು ಎಂಬುದು ಅವಳ ಆಸೆ.

ಪುಟ ಇತ್ತು. ಕತ್ತಿಗಳು ಮೊದಲ ಸಾಲಿಗೇ ನಿಂತವು. ನೀತಾ ನಾಲ್ಕು ದಿನ ಕೂತು, ವೈದ್ಯರ ಪುಸ್ತಕದ ಆಧಾರ ಕೊಟ್ಟು ಹೊಸದಾಗಿ ಬರೆದಳು. ಮರುದಿನವೇ ಒಬ್ಬರು ಅದನ್ನು ಅಳಿಸಿ ಹಳೆಯದನ್ನೇ ತಂದು ಕೂರಿಸಿದರು. "ವಿಶ್ವಕೋಶಕ್ಕೆ ಬೀದಿಯ ಮಾತು ಸಲ್ಲದು" ಎಂದು ಷರಾ ಬೇರೆ.

ಅಳಿಸಿದವನು ನಾನು. ಹಳೆಯ ಲೇಖನವೂ ನನ್ನದೇ. ಕಾರವಾರದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾ ಕನ್ನಡ ಕಲಿತವನು, ದೊಡ್ಡ ಶಬ್ದ ಕಂಡರೆ ಬೆಲ್ಲ ಕಂಡ ಇರುವೆ. ನೀತಾ ಜಗಳಕ್ಕೆ ಬರಲಿಲ್ಲ. ಒಂದೇ ಸಾಲು ಬರೆದಳು: "ನಮ್ಮ ಅತ್ತೆ ನಿಮ್ಮ ಬಾಯಿಂದಲೇ ಕೇಳಬೇಕಂತೆ." ನಾನಿರುವ ಬೊಬ್ರುವಾಡದಿಂದ ಬೇಲೆಕೇರಿ ಏನು ದೂರ? ತಿಳಿಸಿ ಹೇಳಿ ಬರೋಣವೆಂದು ಹೋದೆ.

ಮೀನಿನ ಪೆಟ್ಟಿಗೆಯೊಂದನ್ನು ಮಗುಚಿ ನನ್ನನ್ನು ಕೂರಿಸಿದರು. ಓದಿದೆ. "ದಂಶಸ್ಥಾನದಲ್ಲಿ ವೇದನೆ ಹಾಗೂ ಶೋಥಗಳ ಅಭಾವವು ವಿಷಪ್ರವೇಶದ ಅಭಾವವನ್ನು ಸೂಚಿಸುವುದಿಲ್ಲ."

ಎಂಟು ಕತ್ತಿಗಳೂ ನಿಂತವು.

"ದಂಶಸ್ತಾನ ಅಂದ್ರೆ ಯಾವ ಬದಿಗೆ ಬತ್ತದೆ, ಮಾಸ್ತರ್ರೆ?" ಹೊನ್ನಮ್ಮ ಎಂಬವಳು ಕೇಳಿದಳು. "ಹಿಲ್ಲೂರಿನ ಆಚೆಗಾ?"

"ಸುಮ್ನಿರೆ," ಎಂದಳು ನಾಗಿ. "ಪಾಪ, ಅವ್ರು ಕಷ್ಟಪಟ್ಟು ಬರದದ್ದು. ಈಗ ನಮ್ಮ ಹುಡುಗೀದೂ ಓದಿ, ಮಾಸ್ತರ್ರೆ."

ಓದಿದೆ. ಕತ್ತಿಗಳು ಸರಸರನೆ ನಡೆದವು. ಹಾವಿನ ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಎಂದಾಗ ಒಬ್ಬಳು ಹೌದು ಹೌದು ಎಂದಳು. ಕೊನೆಗೆ ಬಂದೆ. "ಕಚ್ಚಿದ ಜಾಗ ನೋಯದೇ ಇರಬಹುದು, ಬಾವು ಬರದೇ ಇರಬಹುದು. ಆದರೂ ವಿಷ ಏರಿರಬಹುದು. ನೋವಿಗಾಗಿ ಕಾಯದೆ ಕೂಡಲೇ ಚಿಕಿತ್ಸೆ ಆಗಬೇಕು."

ಏಳು ಕತ್ತಿಗಳು ನಡೆಯುತ್ತಲೇ ಇದ್ದವು. ನಾಗಿಯದು ನಿಂತಿತು. ಇಲ್ಲೂ ತೊಡಕಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದೆ.

"ತಿಳೀಲಿಲ್ವಾ ನಾಗಿ?" ಎಂದೆ.

"ತಿಳೀತು," ಎಂದಳು. ಅರ್ಧ ಸೀಳಿದ ಬಂಗಡೆ ಕೈಯಲ್ಲೇ ಇತ್ತು. "ಇಷ್ಟೇ ಮಾತು, ಮಾಸ್ತರ್ರೆ. ಆವತ್ತು ನಮ್ಮನೇಲಿ ಒಬ್ರು ಹೇಳಿದ್ರೆ ಸಾಕಾಗಿತ್ತು."

ಆ ಬಂಗಡೆಯನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು. "ಆ ಮಾತ್ನ ಅಡೀಲಿ ಎಂತಕೆ ಇಟ್ಟದ್ದು? ಬೋಟಿನ ಹುಡುಗ್ರು ಅಲ್ಲೀತನಕ ಓದುದಿಲ್ಲ. ಗಿರಾಕಿ ಬುಟ್ಟಿ ತಳ ಕೆದಕ್ತಾನಾ? ಒಳ್ಳೆ ಮೀನು ಮೇಲೆ ಇಡೂದು."

ನೀತಾ ನನ್ನ ಮುಖ ನೋಡಿದಳು. ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ನನ್ನ ಲೇಖನವನ್ನು ತೆಗೆದೆ, ಅವಳದ್ದನ್ನು ಹಾಕಿದೆ, ಕೊನೆಯ ಮೂರು ಸಾಲನ್ನು ಮೊದಲಿಗೆ ತಂದೆ.

"ಅಡ್ಡಿಲ್ಲ," ಎಂದಳು ನಾಗಿ. ಕತ್ತಿ ನಡೆಯಿತು.

ಆ ಮೂರು ಸಾಲನ್ನು ನೀತಾ ಬೋಟಿನವರ ವಾಟ್ಸಾಪ್ ಗುಂಪಿಗೂ ಕಳಿಸಿದಳು. ಎರಡು ತಿಂಗಳಾಗಿರಬೇಕು, ರೋಷನನ ಜೊತೆಗಾರ ಬೀರಾನ ಕೈಗೆ ಹಾವು ಕಚ್ಚಿತು. ನೋವಿರಲಿಲ್ಲ. ಅದಕ್ಕೇ ಹೆದರಿ, ಬಲೆ ಎಳೆದುಕೊಂಡು ಬೋಟು ತಿರುಗಿಸಿದರು. ಆಸ್ಪತ್ರೆಯಲ್ಲಿ ಒಂದು ದಿನ ಮಲಗಿಸಿ ನೋಡಿದರು. ವಿಷ ಏರಿರಲಿಲ್ಲ. ಮರುದಿನ ದಕ್ಕೆಯಲ್ಲಿ ಉಳಿದವರು ಅವನನ್ನು ಗೇಲಿ ಮಾಡದೆ ಬಿಡಲಿಲ್ಲ. "ಸೊಳ್ಳೆ ಕಚ್ಚಿದ್ಕೆ ಒಂದಿನದ ಮೀನು ಕಳದ್ಯಲ್ಲೋ."

ಬೀರಾ ತಲೆ ತಗ್ಗಿಸಿಕೊಂಡು ಚಪ್ಪರದ ಮುಂದೆ ಹಾದುಹೋಗುತ್ತಿದ್ದ. ನಾಗಿ ಕರೆದಳು. ಬುಟ್ಟಿಯ ಮೇಲಿದ್ದ ಎರಡು ದಪ್ಪ ಬಂಗಡೆ ತೆಗೆದು ಅವನ ಕೈಗಿಟ್ಟಳು.

"ನೋವಿಲ್ದಿದ್ರೂ ಆಸ್ಪತ್ರೆಗೆ ಹೋದ್ಯಲ್ಲ, ತಮಾ. ನೀನೇ ಜಾಣ."