ಮ್ಯಾಚಿಂಗ್ ಮಾಮ ಮುಚ್ಚದ ಏಟು

ಮೂವತ್ತೆಂಟು ವರ್ಷ ನಮ್ಮಪ್ಪ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದರು. ಏಟು ಬಿದ್ದ ಬಾಗಿಲು ಅವರ ಕೈ ದಾಟಿ ಬಂದರೆ, ಏಟು ಎಲ್ಲಿತ್ತೆಂದು ಕಾರಿನವನೇ ತಡಕಾಡಬೇಕು. ಹಳೆಯ ಬಣ್ಣಕ್ಕೆ ಹೊಸದನ್ನು ಬರಿಗಣ್ಣಲ್ಲೇ ಹೊಂದಿಸುತ್ತಿದ್ದುದರಿಂದ ಎಲ್ಲರಿಗೂ ಅವರು ಮ್ಯಾಚಿಂಗ್ ಮಾಮ. ಕಾಣದಿದ್ದರೇ ಒಳ್ಳೆಯ ಕೆಲಸ ಎಂದು ನಂಬಿದ್ದ ಮನುಷ್ಯ. ಹಾಗಾಗಿ ಅವರ ಕೆಲಸವನ್ನು ಯಾರೂ ನೋಡಲೇ ಇಲ್ಲ ಎಂಬುದು ನನ್ನ ಕೊರಗು.

ಬಣ್ಣದ ಗಾಳಿ ಎದೆಗೆ ಒಳ್ಳೆಯದಲ್ಲ, ಇನ್ನು ಸ್ಪ್ರೇ ಗನ್ ಮುಟ್ಟಕೂಡದೆಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಪಕ್ಕದ ಬೀದಿಯ ಚಿತ್ರಕಲೆ ತರಗತಿಗೆ ಸೇರಿದರು. ಟೀಚರು ಒಂದು ಹಳೆಯ ತೈಲಚಿತ್ರ ತೋರಿಸಿ ನಕಲು ಮಾಡಲು ಹೇಳಿದರು. ಗುಡ್ಡದ ಇಳಿಜಾರಿನಲ್ಲಿ ಒಬ್ಬ ಹೆಂಗಸು ತಂತಿಯಿಂದ ದುಪ್ಪಟಿ ತೆಗೆಯುತ್ತಿದ್ದಾಳೆ. ಸಂಜೆ ಬಿಸಿಲು ಬಟ್ಟೆಯನ್ನೂ ಅವಳ ಕಿವಿಯನ್ನೂ ತೂರಿಕೊಂಡು ಬರುತ್ತಿದೆ. "ಚಿತ್ರ ಹೊಳೀಬೇಕು ಸಾರ್" ಎಂದಿದ್ದರಂತೆ ಟೀಚರು. ಮೂಲಕ್ಕೆ ಹೊಂದುವ ನಕಲನ್ನು ಮಾತ್ರ ಪ್ರದರ್ಶನದ ಗೋಡೆಗೆ ಹಾಕುತ್ತಾರೆ, ಕೆಳಗೆ ಹೆಸರಿನ ಚೀಟಿ ಅಂಟಿಸಿ. ಅಪ್ಪನಿಗೆ ಆ ಚೀಟಿಯ ಮೇಲೆ ಕಣ್ಣು.

ಮೊದಲ ಸಲ ಅವರು ಮಾಡಿದ ಘನಕಾರ್ಯ ಕೇಳಿ. ಕುಂಚದ ಗೆರೆಗಳು ಉಬ್ಬಿಕೊಂಡಿವೆಯೆಂದು ಒಣಗಿದ ಚಿತ್ರವನ್ನು ಗ್ಯಾರೇಜಿನಲ್ಲಿ ಕಾರು ಉಜ್ಜುವ ವಾಟರ್ ಪೇಪರಿನಿಂದ ನುಣ್ಣಗೆ ಉಜ್ಜಿ, ವಾರ್ನಿಷ್ ಬಳಿದು ಒಯ್ದರು.

"ಏನ್ ಸಾರ್ ಇದು, ಬಾನೆಟ್ ಥರ ಇದೆಯಲ್ಲ!" ಎಂದರು ಟೀಚರು.

"ಹೊಳೀಬೇಕು ಅಂದ್ರಲ್ಲ ಮೇಡಂ?"

"ಬಿಸಿಲು ಹೊಳೀಬೇಕು ಸಾರ್, ವಾರ್ನಿಷ್ ಅಲ್ಲ. ಹೋಗಿ ಬಿಸಿಲು ನೋಡ್ಕೊಂಡ್ ಬನ್ನಿ."

ಅಪ್ಪ ಮುಖ ಚಿಕ್ಕದು ಮಾಡಿಕೊಂಡು ಬಂದರು. ಮರುದಿನದಿಂದ ಸಂಜೆ ಅಮ್ಮ ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ ಸ್ಟೂಲು ಹಾಕಿಕೊಂಡು ಕೂತರು.

"ಕೂದಲು ಸ್ವಲ್ಪ ಹಿಂದೆ ಸರಿಸು. ಕಿವಿ ನೋಡ್ಬೇಕು."

"ಮದುವೆಯಾಗಿ ಇಷ್ಟು ವರ್ಷಕ್ಕೆ ಕಿವಿ ಕಾಣಿಸ್ತಾ ನಿಮ್ಗೆ?"

ಅಮ್ಮ ಬೈದುಕೊಂಡೇ ಕೂದಲು ಸರಿಸಿದರು. ಅಮ್ಮನ ಎಡಗಿವಿಯ ಹಾಲೆ ಸೀಳಿದೆ. ಕೂಸಾಗಿದ್ದಾಗ ನಾನು ಓಲೆ ಹಿಡಿದು ಜಗ್ಗಿದ ಗುರುತು ಅದು. ಅಂದಿನಿಂದ ಅವರು ಆ ಕಡೆಗೆ ಕೂದಲು ಇಳಿಬಿಡುತ್ತಾರೆ, ಫೋಟೋಗೆ ಬಲಮಗ್ಗುಲನ್ನೇ ಕೊಡುತ್ತಾರೆ.

ಬಿಸಿಲಲ್ಲಿ ದುಪ್ಪಟಿ ಬೆಳ್ಳಗಿರುವುದಿಲ್ಲ, ಜೇನಿನ ಬಣ್ಣಕ್ಕಿರುತ್ತದೆ ಎಂದು ಅಪ್ಪ ಕಂಡುಕೊಂಡರು. ಹೊಸ ಕ್ಯಾನ್ವಾಸಿನಲ್ಲಿ ಗುಡ್ಡವನ್ನು ಇನ್ನಷ್ಟು ಕಪ್ಪು ಮಾಡಿದಾಗ ಬಟ್ಟೆ ತಾನಾಗಿ ಬೆಳಗಿತು. ಎಣ್ಣೆ ಬೆರೆಸಿದ ತೆಳುಬಣ್ಣವನ್ನು ಒಂದರ ಮೇಲೊಂದು ಕೊಡುತ್ತಾ, ಪ್ರತಿಯೊಂದು ಒಣಗಲೂ ವಾರಗಟ್ಟಲೆ ಕಾದರು. ಕೋಟಿನ ಮೇಲೆ ಕೋಟು ಕೊಡುವುದನ್ನು ಅವರಿಗೆ ಯಾರು ಹೇಳಿಕೊಡಬೇಕು!

ಚಿತ್ರ ತೋರಿಸುವ ದಿನ ನಾನೂ ಜೊತೆಗೆ ಹೋದೆ. ಟೀಚರು ಬಹಳ ಹೊತ್ತು ನೋಡಿ ಕಿವಿಯ ಕಡೆ ಬೆರಳು ಮಾಡಿದರು.

"ಮೂಲದಲ್ಲಿ ಈ ಸೀಳು ಇಲ್ಲ ಸಾರ್. ಇದೊಂದು ಮುಚ್ಚಿಬಿಡಿ, ಗೋಡೆಗೆ ಹಾಕೋಣ."

ನಾನು ಅಪ್ಪನ ಮುಖ ನೋಡಿದೆ. ಒಂದು ತೊಟ್ಟು ಬಣ್ಣದ ಕೆಲಸ, ಅಷ್ಟೇ.

"ಜೀವನವೆಲ್ಲ ಏಟು ಮುಚ್ಚಿದೀನಿ ಮೇಡಂ. ಇದನ್ನ ಮುಚ್ಚಲ್ಲ," ಎಂದರು ಅಪ್ಪ. ಚಿತ್ರ ಎತ್ತಿಕೊಂಡು ಹೊರಟೇಬಿಟ್ಟರು.

ಟೀಚರು ಬಾಗಿಲವರೆಗೆ ಓಡಿಬಂದರು. "ಕೊಡಿ ಸಾರ್ ಇಲ್ಲಿ. ನಕಲುಗಳ ಸಾಲಲ್ಲಿ ಬೇಡ. ಆ ಕಡೆ ಗೋಡೆ ಖಾಲಿ ಇದೆ."

ಪ್ರದರ್ಶನದ ದಿನ ಆ ಗೋಡೆಯ ಮೇಲೆ ಅದೊಂದೇ ಚಿತ್ರ, ಕೆಳಗೆ ಅಪ್ಪನ ಹೆಸರು. ಹೆಮ್ಮೆಯಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗ್ಯಾರೇಜಿನ ಯಜಮಾನರು ಮೂಗು ತಾಗುವಷ್ಟು ಬಗ್ಗಿ ನೋಡಿ, "ಮಾಮ, ಇಲ್ಲೊಂದು ಏಟು ಹಾಗೇ ಬಿಟ್ಟಿದ್ದೀರಲ್ಲ!" ಎಂದರು.

"ಕಾಣಲಿ ಅಂತಾನೇ ಬಿಟ್ಟಿದ್ದು," ಎಂದರು ಅಪ್ಪ.

ಅಮ್ಮ ಚಿತ್ರದ ಪಕ್ಕಕ್ಕೆ ಹೋಗಿ ನಿಂತರು. ಎಡಗಿವಿಯ ಮೇಲಿನ ಕೂದಲನ್ನು ಹಿಂದೆ ಸರಿಸಿ ನನ್ನನ್ನು ಕರೆದರು.

"ಫೋಟೋ ತೆಗಿಯೇ. ಈ ಕಡೆಯಿಂದ."