ತಪ್ಪಿಗೂ ಉತ್ತರ ಕೊಡುವ ಪುಸ್ತಕ

ಮಾಡದಕೆರೆ ಗ್ರಂಥಾಲಯ ನೋಡಿಕೊಳ್ಳುವ ಮರುಳಸಿದ್ದಮ್ಮನಿಗೆ ಗೊತ್ತಿಲ್ಲದ್ದನ್ನು ಕಂಡರೆ ಕೈ ಸುಮ್ಮನಿರದು. ಅಲ್ಲಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಕಂಪ್ಯೂಟರ್ ಒಂದು ಬಂತು. ಊರವರು ವಿಭೂತಿ ಹಚ್ಚಿ, ಹೂವಿಟ್ಟು, ಬಟ್ಟೆ ಹೊದಿಸಿದರು. ಪೂಜೆಯೇನೋ ಭರ್ಜರಿಯಾಯಿತು, ಕೆಟ್ಟರೆ ಯಾರ ತಲೆಗೆ ಬಂತು ಎಂದು ಆಮೇಲೆ ಒಬ್ಬರೂ ಹತ್ತಿರ ಸುಳಿಯಲಿಲ್ಲ. ಯಾರೂ ಬಳಸದಿದ್ದರೆ ಬುಧವಾರ ಟೆಂಪೊ ಕಳಿಸಿ ಬೇರೆ ಊರಿಗೆ ಸಾಗಿಸುತ್ತೇವೆಂದು ಮೇಲಿನ ಕಚೇರಿಯಿಂದ ಫೋನ್ ಬಂತು. ಬಿಟ್ಟುಕೊಡಲು ಸಿದ್ದಮ್ಮನಿಗೆ ಮನಸ್ಸಿಲ್ಲ. ಊರವರಿಗೆ ಕಲಿಸೋಣವೆಂದರೆ ಅವಳಿಗೇ ಬರದು. ಒಂದು ಒಳ್ಳೆಯ ಪುಸ್ತಕವಾದರೂ ಬೇಕಲ್ಲ?

ಚಿತ್ರದುರ್ಗದ ಬಸ್ಸು ಹತ್ತಿದಳು. ಪುಸ್ತಕದಂಗಡಿಯ ಲಕ್ಷ್ಮೀಕಾಂತ್ ಇಟ್ಟಿಗೆಯಂಥದ್ದೊಂದನ್ನು ಮುಂದಿಟ್ಟರು. "ಇದರಾಗೆ ಎಲ್ಲಾ ಐತ್ರಿ."

"ಎಲ್ಲಾ ಬ್ಯಾಡ್ರಿ, ಶುರು ಸಾಕು. ನಿಮ್ ಕಂಪ್ಯೂಟರ್‌ನಾಗೆ ಲಿನಕ್ಸ್ ಇದ್ರೆ ಸ್ವಲ್ಪ ಕುಂತು ನೋಡ್ತೀನಿ."

ಸಿದ್ದಮ್ಮನ ಮನೆಯಲ್ಲಿ ಬಿತ್ತನೆಗೆ ಮೊದಲು ಒಂದು ಹಿಡಿ ಶೇಂಗಾ ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಮೊಳಕೆ ಬಂದರಷ್ಟೇ ಆ ಬೀಜ ಹೊಲಕ್ಕೆ. ಪುಸ್ತಕಕ್ಕೂ ಅವಳು ಅದೇ ಪರೀಕ್ಷೆ ಇಟ್ಟಳು. ಮೊದಲ ಪಾಠ ಓದಬೇಕು, ಲಿನಕ್ಸೇ ಇದ್ದ ಅಂಗಡಿಯ ಕಂಪ್ಯೂಟರ್‌ನಲ್ಲಿ ಹೇಳಿದಂತೆ ಮಾಡಿ ನೋಡಬೇಕು. ದಪ್ಪನೆಯದು ಮೊದಲ ಪಾಠದ ತುಂಬ ಚರಿತ್ರೆ ಕೊರೆಯಿತು. ಇನ್ನೊಂದರಲ್ಲಿ ಬಣ್ಣದ ಚಿತ್ರಗಳೇನೋ ಚೆಂದ, ಪರದೆಯ ಮೇಲೆ ಒಂದೂ ಹಾಗಿರಲಿಲ್ಲ. ಕೊನೆಗೆ ಸಿಕ್ಕಿದ್ದು ತೆಳ್ಳನೆಯದು. ಹೇಳಿದಂತೆ ಮಾಡಿದರೆ ಹೇಳಿದ್ದೇ ಬಂತು. ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವಳು, ಬೇಕೆಂದೇ ತಪ್ಪು ಅಕ್ಷರ ಒತ್ತಿದಳು. ಪರದೆ ತಕರಾರು ತೆಗೆಯಿತು. ಪುಟ ತಿರುವಿದರೆ ಅದೇ ತಕರಾರು ಅಲ್ಲಿ ಅಚ್ಚಾಗಿತ್ತು. ಕೆಳಗೆ ಬರೆದಿತ್ತು: "ಹೀಗೆ ಬಂದರೆ ಏನೂ ಕೆಟ್ಟಿಲ್ಲ, ಮತ್ತೆ ಒತ್ತಿ."

"ಇದನ್ನೇ ಕೊಡ್ರಿ" ಎಂದಳು.

ಮರುದಿನ ಪೇಪರ್ ಓದಲು ಬಂದ, ಹೂ ಮಾರುವ ದುರ್ಗಾಳನ್ನು ಹಿಡಿದು ಕೂರಿಸಿದಳು.

"ಕೆಟ್ಟೋದ್ರೆ ಏನ್ ಮಾಡ್ಲಿ, ಅಕ್ಕಾ?"

"ಮೊದ್ಲು ತಪ್ಪೇ ಮಾಡು. ನಿನ್ ಹೆಸ್ರು ಒತ್ತು, ನೋಡಾಣ."

ದುರ್ಗಾ ಒತ್ತಿದಳು. ಇಂಥದ್ದು ತನಗೆ ಗೊತ್ತಿಲ್ಲವೆಂದು ಪರದೆ ಒಂದು ಸಾಲು ತೋರಿಸಿ, ಸುಮ್ಮನೆ ಕಾದು ಕೂತಿತು. ದುರ್ಗಾ ಪುಸ್ತಕ ನೋಡಿದಳು, ಪರದೆ ನೋಡಿದಳು. ಎಂದೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಮೆಲ್ಲಗೆ ಒತ್ತಿದಳು.

"ನಮ್ ಯಜಮಾನ್ರೂ ಗೊತ್ತಿಲ್ವಂತೆ ಇದಕ್ಕೆ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪುಸ್ತಕವನ್ನು ತಾನೇ ಹತ್ತಿರ ಎಳೆದುಕೊಂಡಳು. ಅಂದಿನಿಂದ ಹೂ ಮುಗಿದದ್ದೇ ತಡ, ಗ್ರಂಥಾಲಯದಲ್ಲಿ ಹಾಜರು.

ಬುಧವಾರ ಟೆಂಪೊ ಬಂದೇ ಬಂತು. ಡ್ರೈವರ್ ಒಳಗೆ ಬಂದು ಕೇಳಿದ, "ಕಂಪ್ಯೂಟರ್ ಯಾವ್ದ್ರೀ? ಎತ್ತಾಕ್ಕೊಂಡು ಹೋಗ್ತೀನಿ."

ದುರ್ಗಾ ಪರದೆಯಿಂದ ಕಣ್ಣು ಕೀಳಲಿಲ್ಲ.

"ಮುಟ್ಬ್ಯಾಡ ಕಣಣ್ಣ. ನಂದಿನ್ನೂ ಮುಗ್ದಿಲ್ಲ."